ಮಿಷಿನ್ನಿನ ಉಪವಾಸ

ಕಂದಿಕೆರೆಯ ದ್ರಾಕ್ಷಾಯಣಮ್ಮನಿಗೆ ಉಪವಾಸ ಇರುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೋಮವಾರ ಒಂದು, ಗುರುವಾರ ಒಂದು, ವಾರದಲ್ಲಿ ಎರಡು ದಿನ ಆ ಮನೆಯಲ್ಲಿ ಆಕೆಗೆಂದು ಮುದ್ದೆ ಕಟ್ಟುತ್ತಲೇ ಇರಲಿಲ್ಲ. ಗಂಡ ಸದಾಶಿವಯ್ಯನವರು ತೀರಿಕೊಂಡ ಮೇಲೆ ಹಿಡಿದ ವ್ರತ ಎಂದು ಊರಿನವರು ಹೇಳುತ್ತಿದ್ದರು. ಆಕೆ ಹೌದು ಎಂದೂ ಹೇಳಿದವಳಲ್ಲ, ಅಲ್ಲ ಎಂದೂ ಹೇಳಿದವಳಲ್ಲ. ಯಾರಾದರೂ ಕೆದಕಿ ಕೇಳಿದರೆ "ಹೊಟ್ಟೆ ನಂದು, ಶಿವ ನನ್ನೋನು. ನಡುವೆ ನಿಂದೇನವ್ವ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಹೊಟ್ಟೆಗೇ ಈಗ ಕೇಡು ಬಂದಿತ್ತು. ಒಂದು ವರ್ಷದಿಂದ ಎದೆಗುಂಡಿಗೆಯ ಕೆಳಗೆ ಉರಿ, ಸಂಕಟ. ಓಮದ ಕಷಾಯವಾಯಿತು, ಇಂಗು ಹಾಕಿದ ಮಜ್ಜಿಗೆಯಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಕುಪ್ಪಸಕ್ಕೆ ಎರಡು ಸಲ ಒಳಹೊಲಿಗೆ ಹಾಕಿಸಿದರೂ ಸಡಿಲವೇ. ಕೊನೆಗೆ ಮಗ ಏಕಾಂತಯ್ಯ ಹಟ ಹಿಡಿದು ಚಿಕ್ಕನಾಯಕನಹಳ್ಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಜೊತೆಗೆ ಸೊಸೆ ಗಿರಿಜಾಂಬಿಕಾ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ನೋಡಿದರು, ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದರು. ತಿಪಟೂರಿಗೆ ಬೆಂಗಳೂರಿನಿಂದ ಪ್ರತಿ ಸೋಮವಾರ ಒಬ್ಬ ಎಕ್ಸರೇ ಡಾಕ್ಟರು ರೈಲಿನಲ್ಲಿ ಬರುತ್ತಾರೆ, ಅವರ ಹತ್ತಿರ ಬೇರಿಯಂ ಕುಡಿಸಿ ಹೊಟ್ಟೆಯ ಚಿತ್ರ ತೆಗೆಸಬೇಕು ಎಂದರು. ಕಾಂಪೌಂಡರ್ ಮರುಳಪ್ಪ ಆ ಚೀಟಿಯನ್ನು ಓದಿ ಕನ್ನಡಕ್ಕೆ ಇಳಿಸಿದ.

"ಸೋಮವಾರ ಬೆಳಿಗ್ಗೆ ಉಪವಾಸ ಹೋಗ್ಬೇಕು ಕಣಮ್ಮ. ಮರೀಬ್ಯಾಡಿ."

"ಸೋಮವಾರದ ಉಪವಾಸ ನನಗೆ ನೀನು ಹೇಳ್ಕೊಡ್ತೀಯೇನಪ್ಪ?" ಎಂದು ದ್ರಾಕ್ಷಾಯಣಮ್ಮ ನಕ್ಕಳು. ಅಷ್ಟು ನೋವಿನಲ್ಲೂ ನಕ್ಕಳು. ಮರುಳಪ್ಪನೂ ನಕ್ಕ. ಇಬ್ಬರೂ ಒಂದೇ ಮಾತು ಆಡಿದೆವು ಎಂದುಕೊಂಡರು. ಎಡವಟ್ಟು ಶುರುವಾದದ್ದೇ ಅಲ್ಲಿ.

ಡಾಕ್ಟರು ಏಕಾಂತಯ್ಯನನ್ನು ಮಾತ್ರ ಪಕ್ಕಕ್ಕೆ ಕರೆದು, ಹುಣ್ಣಾಗಿದ್ದರೆ ಮಾತ್ರೆಯಲ್ಲೇ ವಾಸಿ ಮಾಡೋಣ, ಗೆಡ್ಡೆಯಾಗಿದ್ದರೆ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಬೇಕು ಎಂದಿದ್ದರು. ಏಕಾಂತಯ್ಯ ಒಳ್ಳೆಯವನೇ, ಆದರೆ ಗುಟ್ಟು ಅವನ ಮುಖದಲ್ಲಿ ನಿಲ್ಲುವುದಿಲ್ಲ. ಬಸ್ಸು ಊರು ಬಿಡುವಷ್ಟರಲ್ಲಿ ತಾಯಿ ಎಲ್ಲವನ್ನೂ ಹಿಂಡಿ ತೆಗೆದಾಗಿತ್ತು.

"ಕೊಯ್ಸೋದು ಗಿಯ್ಸೋದು ಬ್ಯಾಡ ಕಣಪ್ಪ," ಎಂದಳು ಕಿಟಕಿಯ ಕಡೆ ನೋಡುತ್ತಾ. "ಐವತ್ತೆಂಟು ತುಂಬೈತೆ. ಗೆಡ್ಡೆ ಆಗಿದ್ರೆ ಅದು ಅದ್ರ ಪಾಡಿಗೆ ಇರ್ಲಿ, ನಾನು ನನ್ನ ಪಾಡಿಗೆ ಹೋಯ್ತೀನಿ. ನಿಮ್ಮಪ್ಪ ಏಳು ವರ್ಷದಿಂದ ಕಾಯ್ತಾ ಅವ್ರೆ."

ಪಕ್ಕದಲ್ಲಿದ್ದ ಗಿರಿಜಾಂಬಿಕಾ ತಟ್ಟನೆ ಅತ್ತೆಯ ಕಡೆ ತಿರುಗಿದಳು. ತುರುವೇಕೆರೆ ಕಡೆಯ ಈ ಹುಡುಗಿ ಒಂಬತ್ತು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡವಳು. ಐದು ವರ್ಷದ ಹಿಂದೆ ಈ ಮನೆಗೆ ಬಂದಾಗ ಅತ್ತೆಯ ಬಾಯಿ ಕಂಡು ಹೆದರಿದ್ದು ನಿಜ. ಸಾರಿಗೆ ಉಪ್ಪು ಹೆಚ್ಚಾದರೆ ಮಾತು, ಕಡಿಮೆಯಾದರೂ ಮಾತು. ಆದರೆ ಅವಳ ಹೊಟ್ಟೆಯಲ್ಲಿ ನಿಂತದ್ದು ಎರಡು ಸಲ ಇಳಿದುಹೋದಾಗ ಆ ಬಾಯಿಂದ ಒಂದೂ ಕಟುಮಾತು ಹೊರಟಿರಲಿಲ್ಲ. ಎರಡನೆಯ ಸಲ ನೆರೆಮನೆಯ ಪುಟ್ಟಗಂಗಮ್ಮ ಜಗಲಿಯ ಮೇಲೆ ಕೂತು, ಮಗನಿಗೆ ಇನ್ನೊಂದು ಹೆಣ್ಣು ನೋಡಬಾರದೇ ಎಂದು ಶುರುಮಾಡಿದ್ದಳು. "ನಮ್ಮನೆ ಜಗಲಿ ಸವೀತೈತೆ, ಎದ್ದೋಗು" ಎಂದುಬಿಟ್ಟಿದ್ದಳು ದ್ರಾಕ್ಷಾಯಣಮ್ಮ. ಒಳಗೆ ಮಲಗಿದ್ದ ಗಿರಿಜಾಗೆ ಅದು ಕೇಳಿಸಿತ್ತು. ಸಮಾಧಾನದ ಮಾತಾಡಲು ಅತ್ತೆಗೆ ಬರುತ್ತಿರಲಿಲ್ಲ. ಬೆಳ್ಳುಳ್ಳಿ ಸಾರು ತಂದಿಟ್ಟು, ತಣ್ಣಗಾಯ್ತದೆ ಕುಡಿ ಎಂದು ಗದರಿ ಹೋಗುತ್ತಿದ್ದಳು, ಅಷ್ಟೆ. ತಾಯಿ ಇದ್ದಿದ್ದರೂ ಇದಕ್ಕಿಂತ ಏನು ಮಾಡುತ್ತಿದ್ದಳು ಎಂದು ಗಿರಿಜಾಗೆ ಆಮೇಲಾಮೇಲೆ ಅನ್ನಿಸತೊಡಗಿತ್ತು. ಈಗ ಮತ್ತೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಮೂರು ತುಂಬುವವರೆಗೆ ಯಾರಿಗೂ, ಗಂಡನಿಗೂ, ಹೇಳಬಾರದು ಎಂದು ತುಟಿ ಕಚ್ಚಿಕೊಂಡಿದ್ದಳು.

ಸೋಮವಾರ ನಾಲ್ಕೂವರೆಗೇ ಎದ್ದು ಒಲೆ ಹಚ್ಚಿದಳು. ಮೊದಲ ಬಸ್ಸು ಆರಕ್ಕೆ. ತಿಪಟೂರಿನಲ್ಲಿ ಎಷ್ಟು ಹೊತ್ತು ಕಾಯಬೇಕೋ ಏನೋ, ಅತ್ತೆ ನಿತ್ರಾಣದಲ್ಲಿ ಬಿದ್ದುಬಿಟ್ಟರೆ?

ಉಪವಾಸವೆಂದರೆ ಆ ಸೀಮೆಯಲ್ಲಿ ಅನ್ನ ಮುದ್ದೆ ಮುಟ್ಟದಿರುವುದು, ಬಾಯಿಗೆ ಬೀಗ ಹಾಕುವುದಲ್ಲ. ಬಾಳೆಹಣ್ಣು ಫಲಾಹಾರ, ಎಳನೀರು ಫಲಾಹಾರ, ನೆನೆಸಿದ ಅವಲಕ್ಕಿಯೂ ಫಲಾಹಾರವೇ. ತೋಟದವರ ಮನೆಯಾದ್ದರಿಂದ ಕೊಬ್ಬರಿ ಬೆಲ್ಲಕ್ಕೆ ಅಡ್ಡಿಯೇ ಇಲ್ಲ. ಗಿರಿಜಾ ಅವಲಕ್ಕಿ ನೆನೆಸಿ, ಅಟ್ಟದಿಂದ ಇಳಿಸಿದ ಹೊಸ ಕೊಬ್ಬರಿಯ ಅರ್ಧ ಗಿಟುಕನ್ನು ಹೆರೆದು, ಬೆಲ್ಲ ಪುಡಿಮಾಡಿ ಕಲಸಿ ಮುಂದಿಟ್ಟಳು.

"ಬ್ಯಾಡ ಕಣೇ, ಹಸಿವಿಲ್ಲ."

"ತಿನ್ನಿ ಅತ್ತೆ. ದಾರೀಲಿ ತಲೆ ಸುತ್ತಿದ್ರೆ ನಾನೇನ್ ಮಾಡ್ಲಿ? ಫಲಾಹಾರ ತಾನೆ."

ಸೊಸೆಯ ಮನಸ್ಸು ನೋಯಿಸಬಾರದೆಂದು ದ್ರಾಕ್ಷಾಯಣಮ್ಮ ತಟ್ಟೆ ಎಳೆದುಕೊಂಡಳು. ದವಡೆಯ ಹಲ್ಲು ನಾಲ್ಕು ಉದುರಿದ್ದರಿಂದ ಅರ್ಧ ಅಗಿದು, ಅರ್ಧ ಹಾಗೇ ನುಂಗಿದಳು. ಮೇಲೆ ಎರಡು ಬಾಳೆಹಣ್ಣು. ಹೀಗೆ ವ್ರತಕ್ಕೆ ಒಂದಿಷ್ಟೂ ಭಂಗವಿಲ್ಲದೆ ಉಪವಾಸವೇ ಹೊರಟಳು.

ಚೀಟಿಯಲ್ಲಿ ಬರೆದಿದ್ದ ತಿಪಟೂರಿನ ನರ್ಸಿಂಗ್ ಹೋಮು ರೈಲ್ವೆ ಸ್ಟೇಷನ್ನಿಗೆ ಹತ್ತಿರ. ನಡುಮನೆಯಂಥ ಕೋಣೆಯಲ್ಲಿ ಬೆಂಚುಗಳು, ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೆಂಪು ಗಾಜಿನ ದಪ್ಪ ಕನ್ನಡಕ ಹಾಕಿದ ಒಬ್ಬರು ಸುಮ್ಮನೆ ಕೂತಿದ್ದರು. ಅವರೇ ಎಕ್ಸರೇ ಡಾಕ್ಟರು ಎಂದು ಗೊತ್ತಾದಾಗ ದ್ರಾಕ್ಷಾಯಣಮ್ಮ ಸೊಸೆಯ ಕಿವಿಯಲ್ಲಿ, "ಈವಯ್ಯಂಗೇ ಕಣ್ಣುಬೇನೆ. ನನ್ನ ಹೊಟ್ಟೆ ಏನ್ ನೋಡ್ತಾನೆ?" ಎಂದಳು. ಆಕೆಯ ಪಿಸುಮಾತು ಮೂರು ಬೆಂಚಿಗೆ ಕೇಳಿಸುವಂಥದ್ದು.

ಎಕ್ಸರೇ ತೆಗೆಯುವ ಸಣ್ಣತಿಮ್ಮಯ್ಯ ನಗುತ್ತಾ ಹತ್ತಿರ ಬಂದ. ನಲವತ್ತರ ಸಣಕಲು ಮನುಷ್ಯ, ಬೆರಳ ತುದಿಯೆಲ್ಲ ಔಷಧಿ ತಾಗಿ ಕಂದಿಹೋಗಿತ್ತು.

"ಕಣ್ಣುಬೇನೆ ಅಲ್ಲ ಕಣಮ್ಮ. ಒಳಗೆ ಕತ್ತಲಲ್ಲಿ ಪರದೆ ಮೇಲೆ ನೋಡ್ಬೇಕು. ಬೆಳಕಿಂದ ಹಂಗೇ ಹೋದ್ರೆ ಏನೂ ಕಾಣಕ್ಕಿಲ್ಲ. ಅದಕ್ಕೆ ಅರ್ಧ ಗಂಟೆ ಮುಂಚೆ ಕೆಂಪು ಕನ್ನಡಕ ಹಾಕ್ಕಂಡು ಕಣ್ಣು ಪಳಗಿಸ್ಕತಾರೆ."

ಆಮೇಲೆ ಏನೇನು ನಡೆಯುತ್ತದೆ ಎಂದು ತಾನಾಗಿಯೇ ಹೇಳಿದ. ಸೂಜಿ ಇಲ್ಲ, ನೋವಿಲ್ಲ. ಸೀಮೆಸುಣ್ಣ ಕದಡಿದಂಥ ಬಿಳೀ ಔಷಧಿ ಒಂದು ಲೋಟ ಕುಡಿಯಬೇಕು. ಅದು ಇಳಿಯುತ್ತಾ ಹೋದಂತೆ ಹೊಟ್ಟೆಯ ಆಕಾರ ಕಾಣುತ್ತದೆ. ನಿಲ್ಲಿ ಎಂದರೆ ನಿಲ್ಲುವುದು, ತಿರುಗಿ ಎಂದರೆ ತಿರುಗುವುದು. ಮಲಗಿಸಿದ ಹಲಗೆ ತಾನೇ ವಾಲುತ್ತದೆ, ಹೆದರಬಾರದು. ಉಸಿರು ಹಿಡಿ ಎಂದಾಗ ಹಿಡಿದರೆ ಚಿತ್ರ ಕದಲುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲೂ ಯಾರೂ ಹೀಗೆ ಕೂರಿಸಿಕೊಂಡು ಹೇಳುವುದಿಲ್ಲ ಎಂದು ಪಕ್ಕದ ಬೆಂಚಿನವರು ಮಾತಾಡಿಕೊಂಡರು. ಕೇಳುತ್ತಾ ಕೇಳುತ್ತಾ ಅತ್ತೆಯ ಹಿಡಿತ ಸಡಿಲವಾದದ್ದು ಗಿರಿಜಾಗೆ ತನ್ನ ಅಂಗೈಯಲ್ಲೇ ಗೊತ್ತಾಯಿತು.

"ಕೊರಳಲ್ಲಿ ಇರೋದು..." ಎಂದು ಸಣ್ಣತಿಮ್ಮಯ್ಯ ಶುರುಮಾಡುವಷ್ಟರಲ್ಲಿ ದ್ರಾಕ್ಷಾಯಣಮ್ಮ ಎರಡೂ ಕೈಯಲ್ಲಿ ಬೆಳ್ಳಿ ಕರಡಿಗೆಯನ್ನು ಅವಚಿಕೊಂಡಳು. ಅದರಲ್ಲಿ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗಬೇಕಾದದ್ದು.

"ಅಯ್ಯೋ, ಲಿಂಗ ತೆಗೀರಿ ಅನ್ನಕ್ಕಿಲ್ಲ ಕಣಮ್ಮ," ಎಂದ ಅವನು. "ಕೊರಳಿಂದ ಬಿಚ್ಚಿ ರಟ್ಟೆಗೆ ಕಟ್ಕಳಿ. ಹೊಟ್ಟೆ ಮುಂದೆ ಜೋತು ಬೀಳದಿದ್ರೆ ಸಾಕು. ಮೈಮೇಲೇ ಇರ್ತದಲ್ಲ."

ದ್ರಾಕ್ಷಾಯಣಮ್ಮ ಅವನ ಮುಖವನ್ನೇ ನೋಡಿದಳು. ತಮ್ಮವನಲ್ಲ, ಆದರೂ ತಿಳಿದವನು. "ನಡಿಯಪ್ಪ," ಎಂದಳು.

ಗಿರಿಜಾ ಮತ್ತೆ ಅತ್ತೆಯ ಕೈ ಹಿಡಿದು ಜೊತೆಗೇ ಬಾಗಿಲವರೆಗೆ ಹೋದಳು. ಅಲ್ಲಿ ಸಣ್ಣತಿಮ್ಮಯ್ಯ ನಿಂತು, ಧ್ವನಿ ತಗ್ಗಿಸಿ ಹೇಳಿದ: "ಅಕ್ಕ, ಬಸ್ರಿ ಆಗಿದ್ರೆ, ಆಗಿರಬೋದು ಅಂತ ಅನುಮಾನ ಇದ್ರೂ ಸೈತ, ಒಳಗೆ ಬರಬ್ಯಾಡಿ. ಈ ಕಿರಣ ಎಳೇ ಜೀವಕ್ಕೆ ಆಗಕ್ಕಿಲ್ಲ."

ಗಿರಿಜಾ ನೆಲ ನೋಡಿದಳು. ಅತ್ತೆಯ ಕೈ ಬಿಟ್ಟಳು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು. ದ್ರಾಕ್ಷಾಯಣಮ್ಮ ತಿರುಗಿ ಆ ಹೆಜ್ಜೆಯನ್ನು ನೋಡಿದಳು, ಸೊಸೆಯ ಮುಖ ನೋಡಿದಳು, ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ಒಳಗೆ ಸಣ್ಣತಿಮ್ಮಯ್ಯ, "ಖಾಲಿ ಹೊಟ್ಟೇಲಿದ್ದೀರಾ ತಾನೆ?" ಎಂದು ಕೇಳಿದನಂತೆ. "ಉಪವಾಸ ಇದ್ದೀನಪ್ಪ" ಎಂದಳಂತೆ ದ್ರಾಕ್ಷಾಯಣಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಮಾತು, ಅವನು ನಂಬಿದ. ಗಿರಿಜಾ ಆ ಬಾಗಿಲ ಒಳಗೆ ಇದ್ದಿದ್ದರೆ ಅವಲಕ್ಕಿಯ ಮಾತು ಬರುತ್ತಿತ್ತೇನೋ. ಅವಳು ಹೊರಗೆ ನಿಂತು "ಉಸಿರು ಹಿಡೀರಿ... ಬುಡಿ" ಎನ್ನುವುದನ್ನು ಎಣಿಸುತ್ತಿದ್ದಳು.

ಅರ್ಧ ಗಂಟೆಯ ಮೇಲೆ ಅತ್ತೆ ಹೊರಗೆ ಬಂದದ್ದು ಬಿಳೀ ಮೀಸೆಯೊಂದಿಗೆ. "ಗೋಡೆಗೆ ಬಳಿಯೋದನ್ನ ನನಗೆ ಕುಡಿಸವ್ನೆ ಕಣೇ," ಎಂದಳು. ಗಿರಿಜಾ ಸೆರಗಿನಿಂದ ಬಾಯಿ ಒರೆಸಿದಳು. ಆಮೇಲೆ ಇನ್ನೆರಡು ಸಲ ಕರೆದು ಚಿತ್ರ ತೆಗೆದರು. ಒಂದೂವರೆ ಹೊತ್ತಿಗೆ ಡಾಕ್ಟರು ಏಕಾಂತಯ್ಯನನ್ನು ಕರೆದರು. ಗಿರಿಜಾ ಬಾಗಿಲ ಮರೆಯಲ್ಲಿ ನಿಂತಳು.

ಫಿಲಂಗಳು ಕ್ಲಿಪ್ಪಿನಲ್ಲಿ ನೇತಾಡುತ್ತಾ ಇನ್ನೂ ನೀರು ತೊಟ್ಟಿಕ್ಕುತ್ತಿದ್ದವು. ಡಾಕ್ಟರು ಒಂದನ್ನು ದೀಪದ ಪೆಟ್ಟಿಗೆಯ ಮುಂದೆ ಹಿಡಿದರು. ಬೆಳ್ಳಗಿನ ಚೀಲದಂಥದ್ದು ಕಾಣಿಸಿತು. ಅದರ ಒಂದು ಬದಿ ಇಲಿ ಕಡಿದ ರೊಟ್ಟಿಯಂತಿತ್ತು.

"ಹೊಟ್ಟೆ ಖಾಲಿ ಇದ್ದಾಗ ಔಷಧಿ ಎಲ್ಲಾ ಕಡೆ ಸಮವಾಗಿ ತುಂಬಬೇಕು," ಎಂದರು ನಿಧಾನವಾಗಿ. "ಇಲ್ಲಿ ತುಂಬಿಲ್ಲ. ಏನೋ ಜಾಗ ಹಿಡಿದು ಕೂತಿದೆ. ಗೆಡ್ಡೆಯ ಹಾಗೆ ಕಾಣುತ್ತೆ. ಬೆಂಗಳೂರಿಗೆ ಕಾಗದ ಬರೆದುಕೊಡ್ತೀನಿ, ಈ ವಾರವೇ ಹೋಗಿ. ಆಪರೇಷನ್ ತಡ ಮಾಡಬಾರದು."

ಗಿರಿಜಾಗೆ ಗೆಡ್ಡೆ ಎನ್ನುವ ಮಾತಿಗಿಂತ ಮುಂಚಿನ ಇನ್ನೊಂದು ಮಾತು ಕಿವಿಯಲ್ಲಿ ಸಿಕ್ಕಿಕೊಂಡಿತು. ಖಾಲಿ. ಹೊಟ್ಟೆ ಖಾಲಿ ಇದ್ದಾಗ. ಖಾಲಿ ಎಲ್ಲಿತ್ತು? ಬೆಳಗಿನ ಐದಕ್ಕೆ ತನ್ನ ಕೈಯಾರೆ ತುಂಬಿಸಿದ್ದಳಲ್ಲ!

ಅತ್ತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು, ತುಟಿ ಅಲ್ಲಾಡುತ್ತಿತ್ತು. ಈಗ ನಾಲ್ಕು ಜನರ ಮುಂದೆ, ನಮ್ಮತ್ತೆ ತಿಂದು ಬಂದಿದ್ದಾರೆ ಎಂದರೆ? ವ್ರತ ಹಿಡಿದ ಹಿರಿಯಳಿಗೆ ಸೊಸೆಯೇ ಹಾಗೆ ಹೇಳುವುದು ಮುಖಕ್ಕೆ ಮಸಿ ಬಳಿದ ಹಾಗೆ. ಬಾಯಿ ಮುಚ್ಚಿಕೊಂಡರೆ ಅತ್ತೆಗೆ ಚಾಕು, ಇಲ್ಲವೇ ಚಾಕು ಬೇಡವೆಂದು ಹಟ ಹಿಡಿದು ಆಕೆ ಹೇಳಿದ ಇನ್ನೊಂದು ದಾರಿ. ಡಾಕ್ಟರ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಕತ್ತಲ ಕೋಣೆಯ ಬಾಗಿಲಲ್ಲಿ ಫಿಲಂ ತೊಳೆಯುತ್ತಿದ್ದ ಸಣ್ಣತಿಮ್ಮಯ್ಯನ ಹತ್ತಿರ ಹೋದಳು.

"ಅಣ್ಣ, ನಿಮ್ಮಲ್ಲಿ ಉಪವಾಸ ಅಂದ್ರೆ ಏನೂ ತಿನ್ನಂಗಿಲ್ವಾ?"

"ಏನೂ ಇಲ್ಲ ಕಣಕ್ಕ. ನೀರು ಸೈತ ಇಲ್ಲ."

"ಅವಲಕ್ಕಿ?"

ಅವನ ಕೈ ನಿಂತಿತು.

"ಕೊಬ್ಬರಿ?" ಎಂದಳು ಗಿರಿಜಾ. "ಅರ್ಧ ಗಿಟುಕು. ಬೆಲ್ಲ. ಎರಡು ಬಾಳೆಹಣ್ಣು. ಅದು ನಮ್ಮಲ್ಲಿ ಫಲಾಹಾರ, ಅದಕ್ಕೆ ವ್ರತ ಕೆಡಕ್ಕಿಲ್ಲ. ಅವರಿಗೆ ಬೇಕಿರ್ಲಿಲ್ಲ, ನಾನೇ ಬಲವಂತ ಮಾಡಿ ತಿನ್ನಿಸ್ದೆ."

ಸಣ್ಣತಿಮ್ಮಯ್ಯ ಒದ್ದೆ ಕೈಯಲ್ಲೇ ಡಾಕ್ಟರ ಕೋಣೆಗೆ ಓಡಿದ. ಅವರು ಕಾಗದದ ಕೊನೆಗೆ ಸಹಿ ಹಾಕುತ್ತಿದ್ದರು. ಮೂರೂಕಾಲಿನ ರೈಲಿಗೆ ಚೀಲ ಸಿದ್ಧವಾಗಿತ್ತು. ವಿಷಯ ಕೇಳಿ ಗಿರಿಜಾಳನ್ನು ಕರೆಸಿ, ಏನು, ಎಷ್ಟು ಹೊತ್ತಿಗೆ, ಚೆನ್ನಾಗಿ ಅಗಿದರೇ ಎಂದೆಲ್ಲ ಕೇಳಿದರು. ಬೈಯುತ್ತಾರೆಂದು ಅವಳು ತಲೆ ತಗ್ಗಿಸಿ ಕಾದಳು. ಅವರು ಕಾಗದವನ್ನು ಮಡಿಸಿ ತಮ್ಮ ಜೇಬಿಗೇ ಹಾಕಿಕೊಂಡರು.

"ತಪ್ಪು ನಿಮ್ಮದಲ್ಲಮ್ಮ, ಉಪವಾಸ ಅಂತ ಹೇಳಿಕಳಿಸಿದವರದು. ಅವಲಕ್ಕಿ ಕೊಬ್ಬರಿ ಮುದ್ದೆಗಟ್ಟಿ ಕೂತಿದ್ದರೂ ಚಿತ್ರದಲ್ಲಿ ಹೀಗೇ ಕಾಣಬಹುದು. ಗೆಡ್ಡೆಯೂ ಇರಬಹುದು. ಯಾವುದು ಅಂತ ಇವತ್ತು ಹೇಳಲಾರೆ. ಮುಂದಿನ ಸೋಮವಾರ ಮತ್ತೆ ನೋಡೋಣ. ಅಲ್ಲಿವರೆಗೆ ಈ ಕಾಗದ ನನ್ನ ಹತ್ತಿರವೇ ಇರುತ್ತೆ."

ಹೊರಗೆ ಬಂದರೆ ದ್ರಾಕ್ಷಾಯಣಮ್ಮ ಎದ್ದು ನಿಂತಿದ್ದಳು. ಎಲ್ಲವೂ ಕೇಳಿಸಿತ್ತು. ಮುಖ ಕೆಂಪಗೆ ಆಗಿತ್ತು.

"ಏನೇ, ನನ್ನ ಉಪವಾಸ ಸುಳ್ಳು ಅಂತ ಸಾಕ್ಷಿ ಹೇಳಿ ಬಂದ್ಯಾ?"

ಗಿರಿಜಾ ಮಾತು ಹುಡುಕುವಷ್ಟರಲ್ಲಿ ಸಣ್ಣತಿಮ್ಮಯ್ಯ ನಡುವೆ ಬಂದ.

"ಅಮ್ಮ, ದೇವರ ಉಪವಾಸ ಬೇರೆ, ಮಿಷಿನ್ನಿನ ಉಪವಾಸ ಬೇರೆ. ಶಿವ ದೊಡ್ಡೋನು, ಫಲಾಹಾರ ಮಾಡ್ಕೋ ಹೋಗು ಅಂತಾನೆ. ಈ ಮಿಷಿನ್ನು ದರಿದ್ರದ್ದು, ಒಂದು ಚೂರು ಕೊಬ್ಬರಿನೂ ಒಪ್ಪಕ್ಕಿಲ್ಲ. ನಿಮ್ಮ ವ್ರತಕ್ಕೆ ಏನೂ ಆಗಿಲ್ಲ, ಆಗಿರೋದು ನಮ್ಮ ಚಿತ್ರಕ್ಕೆ. ನಿಮ್ಮ ಸೊಸೆ ಬಾಯಿ ಬಿಡದಿದ್ರೆ ನಾಳೆ ಬೆಂಗಳೂರು ಬಸ್ಸು ಹತ್ತಬೇಕಾಗಿತ್ತು ನೀವು."

ಬೆಂಚಿನ ಮೇಲಿದ್ದವರು ನಕ್ಕರು. ದ್ರಾಕ್ಷಾಯಣಮ್ಮ ನಗಲಿಲ್ಲ, ಆದರೆ ಕೂತಳು. ಇವನ ಬಾಯಿಗೆ ಸಕ್ಕರೆ ಹಾಕಬೇಕು ಎಂದು ಗಿರಿಜಾಗೆ ಅನ್ನಿಸಿತು.

ಬಸ್ಸಿನಲ್ಲಿ ಏಕಾಂತಯ್ಯನಿಗೆ ಮುಂದೆ ಸೀಟು ಸಿಕ್ಕಿತು, ಅತ್ತೆ ಸೊಸೆ ಹಿಂದೆ ಕೂತರು. ಹಾಲ್ಕುರಿಕೆ ದಾಟುವವರೆಗೆ ಅತ್ತೆಯ ಸಿಟ್ಟು ಇಳಿದಿಲ್ಲ ಎಂದುಕೊಂಡು ಗಿರಿಜಾ ಮುದುರಿ ಕೂತಿದ್ದಳು.

"ಎಷ್ಟ್ ತಿಂಗಳು?" ಎಂದಳು ದ್ರಾಕ್ಷಾಯಣಮ್ಮ, ಮುಂದಕ್ಕೇ ನೋಡುತ್ತಾ.

"ಎರಡು," ಎಂದಳು ಗಿರಿಜಾ. ಆಮೇಲೆ ಅಳು ಬಂತು. "ಈ ಸಲನೂ ನಿಲ್ದಿದ್ರೆ ಅಂತ ಹೆದ್ರಿ ಹೇಳ್ಲಿಲ್ಲ ಅತ್ತೆ."

ಅತ್ತೆ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬಹಳ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಚಿಕ್ಕನಾಯಕನಹಳ್ಳಿ ಬಂದಾಗ ಮುಂದಿನ ಸೀಟಿನ ಮಗನ ಭುಜ ತಟ್ಟಿ, "ಏಕಾಂತ, ಗೆಡ್ಡೆ ಆಗಿದ್ರೂ ಕೊಯ್ಸಣ ಕಣಪ್ಪ," ಎಂದಳು. "ತಾಯಿ ಇಲ್ಲದ ಹುಡುಗಿ. ಬಾಣಂತನಕ್ಕೆ ನಾನಿರಬೇಕು."

ಏಕಾಂತಯ್ಯ ತಾಯಿಯನ್ನೂ ಹೆಂಡತಿಯನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದ. ಅರ್ಥವಾಗಲು ಅವನಿಗೆ ಕಂದಿಕೆರೆಯವರೆಗೆ ಬೇಕಾಯಿತು.

ಆ ವಾರ ಉದ್ದವಾಗಿತ್ತು. ಮೊದಲ ಎರಡು ದಿನ ಕುಡಿದ ಸುಣ್ಣ ಇಳಿಯಲು ಹಟ ಮಾಡಿತು. ನೀರು ಚೆನ್ನಾಗಿ ಕುಡಿಯಿರಿ, ಬೆಳ್ಳಗೆ ಹೋದರೆ ಗಾಬರಿಯಾಗಬೇಡಿ ಎಂದು ಸಣ್ಣತಿಮ್ಮಯ್ಯ ಮೊದಲೇ ಹೇಳಿದ್ದರಿಂದ ಗಿರಿಜಾ ಗಂಟೆಗೊಂದು ಚೊಂಬು ಹಿಡಿದು ನಿಲ್ಲುತ್ತಿದ್ದಳು. ಅತ್ತೆ ತಮಾಷೆ ಮಾಡುತ್ತಲೇ ಇದ್ದಳು, ಆದರೆ ಕೈ ಮಾತ್ರ ಆಗಾಗ ಹೊಟ್ಟೆಯ ಮೇಲೆ ಹೋಗಿ, ಒಳಗೆ ಏನು ಕೂತಿದೆ ಎಂದು ತಡಕುತ್ತಿತ್ತು. ಬದುಕಬೇಕೆಂದು ಮನಸ್ಸು ಮಾಡಿದ ಮೇಲೆ ಹೆದರಿಕೆಯೂ ಶುರುವಾಗಿತ್ತು. ಅದನ್ನು ನೋಡಿದಾಗಲೆಲ್ಲ ಗಿರಿಜಾ ಒಳಗೊಳಗೇ, ಅವಲಕ್ಕಿಯಾಗಿರಲಿ ಶಿವನೇ, ಬರೀ ಅವಲಕ್ಕಿಯಾಗಿರಲಿ, ಎಂದುಕೊಳ್ಳುತ್ತಿದ್ದಳು. ಇಂಥ ಬೇಡಿಕೆ ಶಿವನಿಗೂ ಹೊಸದಿರಬೇಕು.

ಭಾನುವಾರ ಸಂಜೆ ತೆಳ್ಳಗಿನ ಗಂಜಿ. ಆಮೇಲೆ ಏನೂ ಇಲ್ಲ. ಸೋಮವಾರ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಉಗಿದ ದ್ರಾಕ್ಷಾಯಣಮ್ಮ, "ಇಷ್ಟು ವರ್ಷ ನಾನು ಮಾಡಿದ್ದು ಉಪವಾಸನೇ ಅಲ್ಲ ಕಣೇ, ಇದು ಉಪವಾಸ," ಎಂದು ಒಪ್ಪಿಕೊಂಡಳು.

ಈ ಸಲ ಗಿರಿಜಾ ಯಾರೂ ಹೇಳದೆಯೇ ಬಾಗಿಲಿಂದ ದೂರ ಕೂತಳು. ಒಳಗೆ "ಉಸಿರು ಹಿಡೀರಿ" ಎಂದಾಗಲೆಲ್ಲ ಅವಳೂ ಹಿಡಿದಳು. ಬಹಳ ಹೊತ್ತಿನ ಮೇಲೆ ಸಣ್ಣತಿಮ್ಮಯ್ಯ ನೀರು ತೊಟ್ಟಿಕ್ಕುವ ಫಿಲಂ ಹಿಡಿದು ಡಾಕ್ಟರ ಕೋಣೆಯ ಕಡೆ ಹೊರಟ. ಡಾಕ್ಟರು ಹೇಳುವ ಮೊದಲು ಅವನು ಏನೂ ಹೇಳುವಂತಿಲ್ಲ. ಅವಳ ಪಕ್ಕದಲ್ಲಿ ಹಾದುಹೋಗುವಾಗ ಹೆಜ್ಜೆ ನಿಧಾನ ಮಾಡಿದ.

"ಅವಲಕ್ಕಿ ಕಣಕ್ಕ," ಎಂದು ಪಿಸುಗುಟ್ಟಿ ಮುಂದೆ ಹೋದ.

ಗಿರಿಜಾ ಅಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಆ ಕಂದಿದ ಬೆರಳುಗಳಿಗೆ, ಜೇಬಿಗೆ ಸೇರಿದ ಆ ಕಾಗದಕ್ಕೆ, ಬೈಯದೆ ಕೇಳಿಸಿಕೊಂಡ ಆ ಡಾಕ್ಟರಿಗೆ, ಹೊರಗೆ ನಿಲ್ಲಿ ಎಂದು ಕಾಪಾಡಿದ ಆ ಮಾತಿಗೆ, ಎಲ್ಲಕ್ಕೂ ಮನಸ್ಸಿನಲ್ಲೇ ಕೈಮುಗಿದಳು. ಜನ್ಮ ಇರುವವರೆಗೆ ಇವರನ್ನು ಮರೆಯಬಾರದು ಎಂದುಕೊಂಡಳು.

ಡಾಕ್ಟರು ಮೂವರನ್ನೂ ಕೂರಿಸಿಕೊಂಡು ಚಿತ್ರ ತೋರಿಸಿದರು. ಬಿಳೀ ಚೀಲ ಈ ಸಲ ನುಣ್ಣಗೆ, ಅಂಚು ಸಮವಾಗಿ ತುಂಬಿತ್ತು. ಗೆಡ್ಡೆ ಇಲ್ಲ. ಚೀಲ ಸಣ್ಣಕರುಳಿಗೆ ಸೇರುವ ಕಡೆ ಒಂದು ಹುಣ್ಣಿದೆ, ಉರಿಗೆ ಅದೇ ಕಾರಣ. ಮಾತ್ರೆ, ಹಾಲು, ಮೆತ್ತಗಿನ ಊಟ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಖಾರ ಬೇಡ. ಹಳೆಯ ಕಾಗದವನ್ನು ಜೇಬಿನಿಂದ ತೆಗೆದು ಹರಿದು ಬುಟ್ಟಿಗೆ ಹಾಕಿದರು.

"ಒಂದು ವಿಷಯ," ಎಂದರು ಆಮೇಲೆ. "ಉಪವಾಸ ನಿಲ್ಲಬೇಕು. ದೇವರದ್ದೂ ಕೂಡ. ದಿನವಿಡೀ ಅರೆಹೊಟ್ಟೆಯಲ್ಲಿದ್ದು ರಾತ್ರಿ ಖಾರದ ಸಾರು ಉಂಡರೆ ಈ ಹುಣ್ಣು ವಾಸಿಯಾಗಲ್ಲ."

ಏಕಾಂತಯ್ಯ ತಾಯಿಯ ಮುಖ ನೋಡಿದ. ಆಕೆಯ ಬಾಯಿಂದ ಈಗ ಏನು ಹೊರಡುವುದೋ ಎಂದು ಗಿರಿಜಾಳೂ ಸೆರಗಿನ ತುದಿ ಹಿಡಿದಳು.

"ಎಷ್ಟು ವರ್ಷದಿಂದ ಮಾಡ್ತಿದ್ದೀರಿ?" ಎಂದು ಡಾಕ್ಟರು ಬರೆಯುತ್ತಾ ಕೇಳಿದರು.

"ಸೋಮವಾರದ್ದು ನಾಕು ವರ್ಷ ಆಯ್ತು ಸ್ವಾಮಿ. ಎಪ್ಪತ್ತೈದನೇ ಇಸ್ವಿ ಕಾರ್ತೀಕದಿಂದ. ಗುರುವಾರದ್ದು ಹೋದ ವರ್ಷ ಯುಗಾದಿ ಕಳೆದ ಮೇಲೆ ಹಿಡಿದಿದ್ದು."

ಗಿರಿಜಾ ತಲೆಯೆತ್ತಿದಳು. ಮಾವ ತೀರಿಕೊಂಡು ಏಳು ವರ್ಷ. ಇದು ಮಾವನ ಲೆಕ್ಕವಲ್ಲ. ಎಪ್ಪತ್ತೈದರ ಕಾರ್ತೀಕದಲ್ಲಿ ಅವಳ ಮೊದಲನೆಯದು ಇಳಿದುಹೋಗಿತ್ತು. ಅವಳು ಮೂರು ತಿಂಗಳು ತವರಿನಲ್ಲಿ ಮಲಗಿದ್ದಳು, ಮರಳಿ ಬಂದಾಗ ಅತ್ತೆ ಸೋಮವಾರ ಉಣ್ಣುತ್ತಿರಲಿಲ್ಲ, ಊರಿನವರು ಹೇಳಿದಂತೆ ಮಾವನಿಗಾಗಿ ಹಿಡಿದ ವ್ರತ ಎಂದುಕೊಂಡಿದ್ದಳು. ಹೋದ ವರ್ಷದ ಯುಗಾದಿಗೆ ಎರಡನೆಯದು. ಆಮೇಲೆ ಗುರುವಾರವೂ ಸೇರಿಕೊಂಡಾಗ, ವಯಸ್ಸಾದಂತೆ ಭಕ್ತಿ ಹೆಚ್ಚುತ್ತದೆ ಎಂದುಕೊಂಡಿದ್ದಳು. ತನಗಾಗಿ ಒಬ್ಬರು ನಾಲ್ಕು ವರ್ಷ ಅರೆಹೊಟ್ಟೆಯಲ್ಲಿ ಇದ್ದು, ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡಿದ್ದು ಅವಳಿಗೆ ಆ ಕುರ್ಚಿಯ ಮೇಲೆ ಕೂತು ತಿಳಿಯಿತು.

"ಅಷ್ಟು ದಿನದ ವ್ರತ. ಬಿಡೋಕೆ ಆಗುತ್ತಾ ಅಮ್ಮ?"

"ಆಯ್ತದೆ ಸ್ವಾಮಿ," ಎಂದಳು ದ್ರಾಕ್ಷಾಯಣಮ್ಮ, ಸೊಸೆಯ ಕಡೆ ನೋಡದೆ. "ಬೇಡಿದ್ದು ಕೊಟ್ಟವ್ನೆ. ಇನ್ನೂ ಯಾಕೆ ಅವನನ್ನ ಕಾಡೋದು?"

ನರ್ಸಿಂಗ್ ಹೋಮಿನ ಹಿಂದಿನ ಹೊಂಗೆ ಮರದ ನೆರಳಿನಲ್ಲಿ ಮೂವರೂ ಕೂತರು. ಗಿರಿಜಾ ಬುತ್ತಿ ಬಿಚ್ಚಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ, ಸೋಮವಾರದ ಮಧ್ಯಾಹ್ನ, ಅತ್ತೆಯ ಮುಂದೆ ಎಲೆ ಹಾಸಿ ಮೊಸರನ್ನ ಬಡಿಸಿದಳು. ಕಣ್ಣೀರು ಟಪಟಪನೆ ಎಲೆಯ ಮೇಲೆ ಬಿತ್ತು.

"ಅಳ್ತಾ ಬಡಿಸಬ್ಯಾಡ ಕಣೇ, ಉಪ್ಪಾಯ್ತದೆ," ಎಂದು ಗದರಿದಳು ದ್ರಾಕ್ಷಾಯಣಮ್ಮ. "ನೀನೂ ಕೂತ್ಕೋ. ಇನ್ನು ನೀನು ಒಬ್ಬಳೇ ಅಲ್ಲ, ಹಸ್ಕೊಂಡಿರಬಾರದು."

ಮೊದಲ ತುತ್ತನ್ನು ಕಲಸಿ ಸೊಸೆಯ ಬಾಯಿಗೆ ಇಟ್ಟು, ಎರಡನೆಯದನ್ನು ತಾನು ಉಂಡಳು.